ಮೂಲೆಯ ನಕ್ಷತ್ರಕ್ಕೆ ಬಾಲ

ಗೊರ್ನಿ ಯಾವೊರ್,
ಸೆಪ್ಟೆಂಬರ್ 20

ಹಟಮಾರಿ ತಿಹೊಮಿರ್‌ಗೆ, ಇನ್ನೂ ನಿನ್ನ ಹೆಂಡತಿಯೇ ಆಗಿರುವ ದರಿಂಕಾ ಬರೆಯುತ್ತಿರುವುದು.

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬು ಹಾರಿಸಬೇಡ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಎರಡು ಮಾತು ತೂರಿಸುತ್ತೀಯ, ಮೂರನೆಯದಕ್ಕೆ ನಾನು ಫೋನ್ ಕುಕ್ಕುತ್ತೇನೆ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಈ ಉಪಾಯ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬರುತ್ತಿದೆ.

ಸುದ್ದಿ ಮೊದಲು ಹೇಳಿಬಿಡುತ್ತೇನೆ. ಟೆಲಿಸ್ಕೋಪ್ ನಿಂತಿತು! ಖಾಲಿ ಬಿದ್ದಿದ್ದ ಅಮ್ಮನ ಮನೆಯ ಹಿಂದೆ, ಹಳೆಯ ಪ್ಲಮ್ ಮರಗಳ ಆಚೆ, ಛಾವಣಿ ಹಳಿಯ ಮೇಲೆ ಸರಿಯುವ ಕೋಣೆಯೊಳಗೆ, ನನಗಿಂತ ಎತ್ತರವಾಗಿ, ನಿನಗಿಂತ ನೆಟ್ಟಗೆ ನಿಂತಿದೆ. ಬೆಳಿಗ್ಗೆ ಎದ್ದು ಕಾಫಿ ಕಾಸುವ ಮೊದಲು ಹೋಗಿ ಅದರ ಮೈ ಸವರಿ ಬರುತ್ತೇನೆ. ನಗು, ನಗು. ನನಗೇ ನಗು ಬರುತ್ತದೆ.

ನಾವು ಬೇರೆ ಬೇರೆ ಇರುವುದು ಯಾತಕ್ಕೆ ಎಂದು ಇಲ್ಲಿನವರಿಗೆ ಹೇಳಿದರೆ ಯಾರೂ ನಂಬುವುದಿಲ್ಲ. ಪಕ್ಕದ ಮನೆಯ ಪೆರ್ಸಿದಾ ಅತ್ತೆ ನಾನು ಬಂದ ದಿನವೇ ಬೇಲಿಯ ಮೇಲೆ ಮೊಣಕೈ ಊರಿಕೊಂಡು ವಿಚಾರಣೆ ನಡೆಸಿದಳು.

“ಏನೇ ಹುಡುಗಿ, ಅವನು ಬೇರೆ ಯಾರನ್ನಾದ್ರೂ ನೋಡ್ಕೊಂಡ್ನಾ?”

“ಇಲ್ಲ ಅತ್ತೆ.”

“ಕುಡೀತಾನಾ?”

“ಹಬ್ಬಕ್ಕೆ ಒಂದು ಲೋಟ. ಅದನ್ನೂ ಅಳೆದು ಕುಡೀತಾನೆ. ಜಿಪುಣರಿಗೆ ಹೆಸರಾದ ಪಿರೋತ್ ಊರಿನವನಲ್ವಾ.”

“ಹಾಗಾದ್ರೆ ಏನೇ ಬಂದಿರೋದು?”

“ಅವನಿಗೆ ಮಸೂರದ ಟೆಲಿಸ್ಕೋಪ್ ಬೇಕು, ನಂಗೆ ಕನ್ನಡಿಯದು ಬೇಕು.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅಷ್ಟೇನಾ? ಎರಡೂ ಗಾಜೇ ಅಲ್ವೇನೇ!”

ಅಷ್ಟೇ ಎಂದು ನಾವಿಬ್ಬರೂ ಒಪ್ಪುವುದಿಲ್ಲ, ಅದು ಬೇರೆ ವಿಷಯ. ನೀಶ್‌ನ ನಮ್ಮ ಸ್ಟುಡಿಯೋದಲ್ಲಿ ಜೀವಮಾನವೆಲ್ಲಾ ಮದುಮಕ್ಕಳ ಮುಖ, ಪಾಸ್‌ಪೋರ್ಟಿನ ಮುಖ ತೆಗೆದು ತೆಗೆದು, ಬಾಗಿಲು ಹಾಕಿದ ಮೇಲಾದರೂ ಆಕಾಶದ ಮುಖ ತೆಗೆಯೋಣ ಎಂದುಕೊಂಡವರು ನಾವು. ನೀನು ಆ ಪುಟ್ಟ ಮಸೂರವನ್ನು ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಟ್ಟುಕೊಂಡು ಬೀದಿದೀಪಗಳ ನಡುವೆ ಚಂದ್ರನನ್ನು ಹುಡುಕುತ್ತೀಯ. ನಾನು ಕತ್ತಲೆ ಇರುವಲ್ಲಿಗೆ ಬಂದೆ. ಬರುವ ದಿನ ಮೆಟ್ಟಿಲ ಮೇಲೆ ನಿಂತು ನೀನು ಹೇಳಿದ್ದು ನನಗೆ ಬಾಯಿಪಾಠ ಆಗಿದೆ: “ಆ ಗಾಳಿ ಬೆಟ್ಟದಲ್ಲಿ, ಆ ಕನ್ನಡಿ ಡ್ರಮ್ಮಿನಿಂದ, ಈ ಅಂಚಿಂದ ಆ ಅಂಚಿನವರೆಗೆ ಒಂದೊಂದು ನಕ್ಷತ್ರಾನೂ ದುಂಡಗೆ ಬಂದಿರೋ ಒಂದೇ ಒಂದು ಫೋಟೋ ತೋರಿಸು. ಅವತ್ತೇ ಹೆಗಲಿಗೆ ಚೀಲ ಹಾಕ್ಕೊಂಡು ಬರ್ತೀನಿ.” ಮಾತು ಕೊಟ್ಟಿದ್ದೀಯ. ಇಡೀ ಊರಿಗೆ ಹೇಳಿಟ್ಟಿದ್ದೇನೆ.

ಈಗ ಕನ್ನಡಿ ಸಿಕ್ಕ ಕಥೆ ಕೇಳು. ಬೆಲ್‌ಗ್ರೇಡಿನ ಅಂಗಡಿಯಲ್ಲಿ ದೊಡ್ಡ ಮಸೂರದ್ದೂ ನೋಡಿದೆ, ನಿನ್ನ ಸಲುವಾಗಿ ನೋಡಿದೆ. ಬೆಳ್ಳಗೆ, ತೆಳ್ಳಗೆ, ಆಸ್ಪತ್ರೆಯ ನರ್ಸಿನ ಹಾಗೆ ಚೊಕ್ಕವಾಗಿತ್ತು. ಆದರೆ ನನಗೆ ಬೇಕಾದಷ್ಟು ಅಗಲದ ಮಸೂರಕ್ಕೆ ಮನೆ ಮಾರಬೇಕಾಗುತ್ತಿತ್ತು, ಇಡಲು ಚರ್ಚು ಬೇಕಾಗುತ್ತಿತ್ತು. ಮಬ್ಬು ಮಬ್ಬಾದ ಗೆಲಾಕ್ಸಿಗಳ ಚಿತ್ರ ತೆಗೆಯುವವಳಿಗೆ ಬೆಳಕು ಹಿಡಿಯುವ ಬಾಯಿ ಅಗಲವಾಗಿರಬೇಕು. ಕನ್ನಡಿಯಲ್ಲಿ ಮಾತ್ರ ನನ್ನಂಥವರಿಗೆ ಅದು ಎಟಕುತ್ತದೆ. ಹಾಗೆ ಹುಡುಕುತ್ತಾ ಗಡಿಯಾಚೆ ಸೆಗೆದ್‌ನಲ್ಲಿ ಅರ್ಪಾದ್ ಎಂಬ ಮುದುಕ ಸಿಕ್ಕಿದ. ಕನ್ನಡಕದ ಅಂಗಡಿ ಇಟ್ಟಿದ್ದವನು, ಕನ್ನಡಿಯನ್ನು ತಾನೇ ಕೈಯಾರೆ ಉಜ್ಜಿ ನಯ ಮಾಡಿದವನು. ಈಗ ಬೆನ್ನುನೋವು, ಟೆಲಿಸ್ಕೋಪ್ ಎತ್ತಲಾರ, ಅದಕ್ಕೇ ಮಾರಲು ಹೊರಟಿದ್ದ.

ತಿಹಾ, ಮಗಳನ್ನು ಕೊಡುವವನ ಹಾಗೆ ಅವನು ನನ್ನನ್ನು ಕೂರಿಸಿಕೊಂಡ. ಮುಂದೆ ಕೆಂಪಗಿನ ಮೀನಿನ ಸಾರು ಇಟ್ಟ. ಅವನ ಸರ್ಬಿಯನ್ ಅರ್ಧ ಮಾತು, ಅರ್ಧ ಕೈಸನ್ನೆ.

“ಎಲ್ಲಿ ಇಡ್ತೀರಿ? ಬಾಲ್ಕನೀಲಾ? ಬಾಲ್ಕನಿಗಾದ್ರೆ ಕೊಡಲ್ಲ, ಸಾರು ಕುಡ್ಕೊಂಡು ಹೋಗಿ.”

“ಬೆಟ್ಟದಲ್ಲಿ,” ಎಂದೆ.

“ಗಾಳಿ?”

ಸುಳ್ಳು ಹೇಳಲಾಗಲಿಲ್ಲ. “ಕೊಶಾವಾ ಗಾಳಿ ಬೀಸಿದ ದಿನ ಕೋಳಿ ನೆಲ ಬಿಡುತ್ತೆ,” ಎಂದೆ. ಅವನು ಚಮಚ ಕೆಳಗಿಟ್ಟ. ಆಯಿತು, ಸಂಬಂಧ ಮುರಿಯಿತು ಎಂದುಕೊಂಡೆ. ಆದರೆ ನಿಜ ಹೇಳಿದ್ದಕ್ಕೇ ಅವನಿಗೆ ಖುಷಿಯಾಯಿತಂತೆ. ಎದೆಮಟ್ಟಕ್ಕೆ ಗೋಡೆ ಕಟ್ಟಿ, ಟೆಲಿಸ್ಕೋಪ್ ಹೊರುವ ಕಂಬವನ್ನು ಆಳಕ್ಕಿಳಿಸಿ ಎಂದು ಬುದ್ಧಿ ಹೇಳಿ ಕೊಟ್ಟ. ಬೇಕರಿಯವರ ವ್ಯಾನಿನಲ್ಲಿ ಗರಿ ತುಂಬಿದ ಹೊದಿಕೆಗಳ ನಡುವೆ ಮಲಗಿಸಿಕೊಂಡು ತಂದೆ. ಹೊರಡುವಾಗ ಮುದುಕ ಅತ್ತ. ನಾನೂ ಅತ್ತೆ. ಚಾಲಕ ನಮ್ಮಿಬ್ಬರನ್ನೂ ನೋಡಿ ಸಿಗರೇಟು ಹಚ್ಚಿದ.

ಜಗಳದ ನಡುವೆಯೂ ನೀನು ಅಂಚೆಯಲ್ಲಿ ಕಳಿಸಿದ ಕಂಬದ ನಕ್ಷೆಗೆ ಥ್ಯಾಂಕ್ಸ್. ಅದರಂತೆಯೇ ಮಾಡಿಸಿದೆ. ಆಗಸ್ಟಿನಲ್ಲಿ ಕಾಂಕ್ರೀಟ್ ಹಾಕಿದ ದಿನ ನೀನು ಇರಬೇಕಿತ್ತು. ಕೂಲಿ ಇಲ್ಲದೆ ಊರಿಗೆ ಊರೇ ಸಲಿಕೆ ಹಿಡಿದು ಬಂತು. ಗಂಟಲು ಸುಡುವ ಪ್ಲಮ್ಮಿನ ರಾಕಿಯಾ, ಮರದಡಿ ಬೇಯುವ ಕುರಿಮರಿ, ಕಲಸುವ ಯಂತ್ರದ ಗಡಗಡ, ಅದರ ಮೇಲೆ ಯಾರದೋ ಹಾಡು. ಮೇಸ್ತ್ರಿ ಸ್ರೆತೆನ್‌ಗೆ ಪದ್ಧತಿಯಂತೆ ಹೊಸ ಅಂಗಿ ಕೊಟ್ಟು ಹೆಗಲಿಗೆ ಹೊದಿಸಿದೆವು. ಅಂಗಿ ಸಣ್ಣದಾಯಿತು, ಗುಂಡಿ ಹಾರಿತು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಆಮೇಲೆ ಟೆಲಿಸ್ಕೋಪ್ ಕೂರಿಸಿದ ದಿನದಿಂದ ಮೋಡ. ಹೊಸ ಟೆಲಿಸ್ಕೋಪ್ ಬಂದರೆ ಮೋಡ ಬರುತ್ತದೆ ಎಂದು ನಮ್ಮ ಆಕಾಶ ನೋಡುವ ಕೂಟದವರೆಲ್ಲಾ ತಮಾಷೆ ಮಾಡುತ್ತಾರಲ್ಲ, ಇಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. “ಆ ಡ್ರಮ್ಮಿಗೆ ಮುಚ್ಚಳ ಹಾಕೇ, ನನ್ ಹುಲ್ಲೆಲ್ಲಾ ನೆನೆದುಹೋಯ್ತು,” ಎಂದು ಪೆರ್ಸಿದಾ ಅತ್ತೆ ದಿನಾ ಬೇಲಿಯಿಂದ ಕೂಗುತ್ತಿದ್ದಳು. ಕೊನೆಗೆ ಹೋದ ವಾರ ಆಕಾಶ ತೊಳೆದಿಟ್ಟ ಹಾಗೆ ಬಿಚ್ಚಿಕೊಂಡಿತು.

ಇದರ ಜತೆ ಒಂದು ಫೋಟೋ ಇಟ್ಟಿದ್ದೇನೆ. ಹರ್ಕ್ಯುಲಿಸ್ ಪುಂಜದ ನಕ್ಷತ್ರಗುಚ್ಛ. ನೋಡಿಕೋ, ಎಲ್ಲವೂ ಸಾಸಿವೆಯ ಹಾಗೆ ದುಂಡಗೆ ಬಂದಿವೆ. ಇನ್ನೇನು ಹೇಳಲಿ. ಚೀಲ ಎಲ್ಲಿದೆಯೋ ಹುಡುಕು.

ನಿನ್ನ,
ದರಿಂಕಾ

ತಾ.ಕ.: ಆ ಕೊಳವೆಯನ್ನು ಎತ್ತಿ ಕಂಬದ ಮೇಲಿನ ತಿರುಗುವ ಮೌಂಟಿಗೆ ಕೂರಿಸಲು ಇಬ್ಬರು ಬೇಕು. ಈ ಸಲ ಸ್ರೆತೆನ್ ಬಂದಿದ್ದ. ಸುಮ್ಮನೆ ಹೇಳಿದೆ, ಅಷ್ಟೇ.

*

ನೀಶ್,
ಸೆಪ್ಟೆಂಬರ್ 29

ದರಿಂಕಾ,

ಕಾಗದ ಬಂತು. ಅಡ್ಡ ಬಾಯಿ ಹಾಕದೆ ಕೊನೆಯವರೆಗೂ ಓದಿದೆ. ನಡುವೆ ಎರಡು ಸಲ ಬಾಯಿ ಹಾಕಿದೆ, ಆದರೆ ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ನಕ್ಷತ್ರಗಳು ದುಂಡಗಿವೆ, ಒಪ್ಪಿದೆ. ಆದರೆ ಅಮ್ಮಾ ತಾಯಿ, ಇದು ಹತ್ತು ಸೆಕೆಂಡಿನ ಫೋಟೋ. ಹತ್ತು ಸೆಕೆಂಡಿನಲ್ಲಿ ಟೆಲಿಸ್ಕೋಪನ್ನು ನನ್ನ ಅಜ್ಜಿಯ ಒಲೆಯ ಮೇಲಿಟ್ಟರೂ ನಕ್ಷತ್ರ ದುಂಡಗೇ ಬರುತ್ತದೆ. ಅದೂ ನೀನು ಕಳಿಸಿರುವುದು ಚಿತ್ರದ ನಡುಭಾಗ ಮಾತ್ರ. ಜೀವನಪೂರ್ತಿ ಪಾಸ್‌ಪೋರ್ಟ್ ಫೋಟೋ ಕತ್ತರಿಸಿದವನಿಗೆ ಕತ್ತರಿಸಿದ ಅಂಚು ಗೊತ್ತಾಗುವುದಿಲ್ಲವೇ? ಮದುವೆ ಆಲ್ಬಮ್ಮಿನಲ್ಲಿ ಕುಡಿದು ಬಿದ್ದ ಮಾವಂದಿರನ್ನು ನಾವಿಬ್ಬರೂ ಹೀಗೇ ಮಾಯ ಮಾಡುತ್ತಿದ್ದೆವು.

ಗೆಲಾಕ್ಸಿ ಎಲ್ಲಿ? ಗೆಲಾಕ್ಸಿಗೆ ಐದೈದು ನಿಮಿಷ ಕ್ಯಾಮೆರಾದ ಕಣ್ಣು ತೆರೆದಿಡಬೇಕು. ಅಂಥದ್ದನ್ನು ಯಾಕೆ ಕಳಿಸಲಿಲ್ಲ? ನೀನು ತೆಗೆದಿಲ್ಲ ಎಂದು ನಾನು ನಂಬುವುದಿಲ್ಲ. ನಿನಗೆ ಅಷ್ಟು ತಾಳ್ಮೆ ಯಾವತ್ತೂ ಇರಲಿಲ್ಲ. ತೆಗೆದಿದ್ದೀಯ, ನಕ್ಷತ್ರಗಳೆಲ್ಲಾ ಜೀರಿಗೆಯ ಹಾಗೆ ಉದ್ದಕ್ಕೆ ಬಂದಿವೆ, ಅದಕ್ಕೇ ಬಚ್ಚಿಟ್ಟಿದ್ದೀಯ.

ಒಂದು ಕೆಲಸ ಮಾಡು. ಕಂಬದ ತಲೆಯ ಮೇಲೆ ಒಂದು ಲೋಟ ನೀರಿಡು. ನೆಲದ ಮೇಲೆ ಯಾರಾದರೂ ನಡೆಯಲಿ. ನೀರು ಅಲುಗಿತೋ, ನಾನು ನಕ್ಷೆಯಲ್ಲಿ ಬರೆದ ಸಂದು ನಿನ್ನ ಕೋಣೆಯಲ್ಲಿ ಇಲ್ಲ ಎಂದು ತಿಳಿ. ಕಂಬದ ಸುತ್ತ ಎರಡು ಬೆರಳು ಜಾಗ ಖಾಲಿ ಇರಬೇಕು, ನೆಲ ಕಂಬವನ್ನು ಎಲ್ಲೂ ಮುಟ್ಟಬಾರದು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಮುಟ್ಟಿದರೆ ನೀನು ಒಂದು ಹೆಜ್ಜೆ ಇಟ್ಟರೂ ನಕ್ಷತ್ರ ಕುಣಿಯುತ್ತದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಎದುರಿನ ಔಷಧಿ ಅಂಗಡಿಯವರು ಹಸಿರು ದೀಪದ ಹೊಸ ಬೋರ್ಡು ಹಾಕಿದ್ದಾರೆ. ನನ್ನ ಬಾಲ್ಕನಿಯಿಂದ ಈಗ ಚಂದ್ರನೂ ಹಸಿರಾಗಿ ಕಾಣುತ್ತಾನೆ.

ತಿಹೊಮಿರ್

ತಾ.ಕ.: ಕೊಳವೆ ಎತ್ತಲು ಸ್ರೆತೆನ್ ಯಾಕೆ? ಅವನಿಗೆ ಸೊಂಟ ಸರಿಯಿಲ್ಲ ಎಂದು ಕೇಳಿದ ನೆನಪು.

*

ಗೊರ್ನಿ ಯಾವೊರ್,
ನವೆಂಬರ್ 14

ಅರವತ್ತು ಕಿಲೋಮೀಟರ್ ದೂರದಿಂದ ನನ್ನ ಹೆಜ್ಜೆಯ ಸದ್ದು ಕೇಳಿಸಿಕೊಂಡ ತಿಹಾ,

ನಿನ್ನ ಕಾಗದ ಓದಿ ಮೊದಲು ಅದನ್ನು ಒಲೆಗೆ ಹಾಕಲು ಹೊರಟೆ. ಆಮೇಲೆ ಲೋಟ ನೀರು ಇಟ್ಟೆ.

ಎಲ್ಲ ಒಪ್ಪಿಕೊಳ್ಳುತ್ತೇನೆ. ಗೆಲಾಕ್ಸಿ ತೆಗೆದಿದ್ದೆ. ತ್ರಿಕೋಣ ಪುಂಜದ ಸುರುಳಿ ಗೆಲಾಕ್ಸಿಯನ್ನೇ ಮತ್ತೆ ಮತ್ತೆ ತೆಗೆದಿದ್ದೆ. ಜೀರಿಗೆ ಎಂದು ನೀನು ಮರ್ಯಾದೆಯಾಗಿ ಬರೆದೆ. ಇಲ್ಲಿ ಬಂದದ್ದು ಶಾವಿಗೆ. ಗಾಳಿ ಎಂದುಕೊಂಡೆ, ಗೋಡೆ ಎತ್ತರಿಸಿದೆ. ಧ್ರುವ ನಕ್ಷತ್ರಕ್ಕೆ ಮೌಂಟ್ ಸರಿಯಾಗಿ ಮುಖ ಮಾಡಿಲ್ಲ ಎಂದುಕೊಂಡೆ, ಅದನ್ನೂ ತಿದ್ದಿದೆ. ಕೊನೆಗೆ ಅರ್ಪಾದ್‌ನ ಕನ್ನಡಿಯ ಮೇಲೇ ಅನುಮಾನ ಪಟ್ಟೆ, ಆ ಮುದುಕನ ಕಣ್ಣೀರು ನೆನೆದು ನಾಚಿಕೆಯಾಯಿತು. ತೆಗೆದ ಒಂದೊಂದು ಫೋಟೋ ಹಾಳಾದಾಗಲೂ ನೀನು ಮೆಟ್ಟಿಲ ಮೇಲೆ ನಿಂತು ಗೆದ್ದೆ ಎನ್ನುತ್ತಿರುವ ಹಾಗೆ ಆಗುತ್ತಿತ್ತು. ನಿಜ ಹೇಳುತ್ತೇನೆ, ನೀನು ಗೆದ್ದರೆ ನನಗೆ ಅಷ್ಟು ಬೇಸರವಿಲ್ಲ. ಆದರೆ ನೀನು ಗೆದ್ದರೆ ನೀನು ಬರುವುದಿಲ್ಲ.

ಲೋಟದ ಕಥೆಗೆ ಬರುತ್ತೇನೆ. ಕಂಬದ ತಲೆಯ ಮೇಲೆ ನೀರಿಟ್ಟು ಪೆರ್ಸಿದಾ ಅತ್ತೆಯನ್ನು ಕರೆದು, “ಅತ್ತೆ, ಈ ಕಡೆಯಿಂದ ಆ ಕಡೆಗೆ ನಡೀರಿ,” ಎಂದೆ. ಅವಳು ಕೋಳಿಮರಿಯಷ್ಟು ಹಗುರ. ಆದರೂ ಅವಳು ಹೆಜ್ಜೆ ಇಟ್ಟಾಗೆಲ್ಲ ನೀರಿನ ಮೇಲೆ ಸಣ್ಣ ಅಲೆ ಎದ್ದಿತು. ನಾನು ತಲೆ ಮೇಲೆ ಕೈಹೊತ್ತು ಕುಳಿತೆ.

“ಏನಾಯ್ತೇ? ನೀರು ಚೆಲ್ಲಿಲ್ವಲ್ಲ!”

ಕಂಬದ ಸುತ್ತ ಸಂದು ಇಲ್ಲ, ನೆಲ ಕಂಬಕ್ಕೆ ಅಂಟಿಕೊಂಡಿದೆ, ಸ್ರೆತೆನ್ ನಕ್ಷೆ ನೋಡಲಿಲ್ಲವೋ ಏನೋ ಎಂದೆ. ಅವಳ ಮುಖ ಇಳಿಯಿತು. ತಲೆವಸ್ತ್ರದ ತುದಿ ಜಗ್ಗಿಕೊಂಡಳು, ಬೆಕ್ಕನ್ನು ಗದರಿಸಿದಳು, ಹೊರಗೆ ಹೋದಳು, ಮತ್ತೆ ಒಳಗೆ ಬಂದಳು.

“ಸ್ರೆತೆನ್‌ನ ಏನೂ ಅನ್ಬೇಡ ಕಣೇ. ಅವನು ಬಿಟ್ಟಿದ್ದ. ಕಂಬದ ಸುತ್ತ ಕಾಲುವೆ ಥರ ಬಿಟ್ಟಿದ್ದ. ನಾನೇ ಮುಚ್ಚಿಸ್ದೆ.”

“ಅತ್ತೆ! ಯಾಕೆ?”

“ನಂಗೇನು ಗೊತ್ತು? ಇವನು ಬೆಳಿಗ್ಗೆಯಿಂದ ರಾಕಿಯಾ ಹಾಕಿದಾನೆ, ಲೆಕ್ಕ ತಪ್ಪಿದೆ, ನೆಲ ಕಂಬಕ್ಕೆ ಮುಟ್ಟಿಸೋಕೇ ಆಗಿಲ್ಲ ಅಂದ್ಕೊಂಡೆ. ಊಟ ಮುಗಿಸಿ ಎದ್ದ ಮೇಲೆ ನಾಲ್ಕು ಜನ ನೋಡಿದ್ರೆ ಅವನ ಮಾನ ಏನಾಗ್ಬೇಕು? ನೀವೆಲ್ಲಾ ಆ ಕಡೆ ಅವನಿಗೆ ಅಂಗಿ ಹೊದಿಸಿ ಕುಣೀತಿದ್ರಿ. ಉಳಿದ ಕಾಂಕ್ರೀಟು ಬಾಂಡ್ಲೀಲಿ ಒಣಗ್ತಾ ಇತ್ತು. ಸುಮ್ನೆ ಹಾಳಾಗೋದು ಬೇಡ ಅಂತ ಹಾಕಿಸಿ, ಕರಣೆಯಿಂದ ನಾನೇ ನಯ ಮಾಡ್ದೆ. ಚೆನ್ನಾಗಿ ಬಂದಿದೆ ಅಂತ ನೀನೇ ಹೊಗಳಿದ್ದೆ ತಾನೇ?”

ಹೊಗಳಿದ್ದೆ. ಸ್ರೆತೆನ್‌ನ ಕೈಚಳಕ ಎಂದು ಹೊಗಳಿದ್ದೆ. ಸಂದು ಕಾಣಿಸದಿದ್ದಾಗ, ಕೆಳಗೆಲ್ಲೋ ಜಾಣತನದಿಂದ ಬಿಟ್ಟು ಮೇಲೆ ಮುಚ್ಚಿದ್ದಾನೆ ಎಂದುಕೊಂಡೆ. ಕೇಳಿದರೆ ಅವನ ಕೆಲಸದ ಮೇಲೆ ಅನುಮಾನ ಪಟ್ಟಂತಾಗುತ್ತದೆ ಎಂದು ಕೇಳಲಿಲ್ಲ. ಮಾರನೆಯ ದಿನ ಸ್ರೆತೆನ್‌ನನ್ನು ಕರೆಸಿ ವಿಷಯ ಹೇಳಿದರೆ ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

“ನಾನು ಅವತ್ತು ಸಂಜೇನೇ ನೋಡ್ದೆ ದರಿಂಕಾ ಅಕ್ಕ. ನೀವೇ ಮುಚ್ಚಿಸಿದೀರಿ ಅಂದ್ಕೊಂಡೆ. ಮನೆಯೊಡತಿ, ಹೊಟ್ಟೆ ತುಂಬ ಊಟ ಹಾಕಿದೀರಿ, ಮೈಮೇಲೆ ಹೊಸ ಅಂಗಿ ಇದೆ. ಆ ಹೊತ್ತಲ್ಲಿ ನೀವು ಮಾಡಿದ್ದು ತಪ್ಪು ಅಂತ ಹೇಗೆ ಬಾಯಿಬಿಡ್ಲಿ?”

ಕೇಳಿದೆಯಾ ತಿಹಾ? ಅವಳು ಅವನ ಮಾನ ಉಳಿಸಿದಳು, ಅವನು ನನ್ನ ಮಾನ ಉಳಿಸಿದ, ನಾನು ಅವನ ಮಾನ ಉಳಿಸಿದೆ. ಮೂವರೂ ಸೇರಿ ಮರ್ಯಾದೆಯಿಂದ ನನ್ನ ಗೆಲಾಕ್ಸಿಯನ್ನು ಶಾವಿಗೆ ಮಾಡಿದೆವು. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ನಾನು ನಗಲು ಶುರುಮಾಡಿದೆ, ಸ್ರೆತೆನ್ ನಕ್ಕ, ಪೆರ್ಸಿದಾ ಅತ್ತೆ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದಳು.

“ನಗಿ, ನಗಿ. ಮುದುಕಿ ಕೆಡಿಸಿದ್ಲು ಅಂತ ಊರೆಲ್ಲಾ ಸಾರಿ. ಈಗ ಏನ್ಮಾಡೋದು ಹೇಳಿ ಮೊದ್ಲು.”

“ಕತ್ತರಿಸೋದು,” ಎಂದ ಸ್ರೆತೆನ್.

ಅದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಟೆಲಿಸ್ಕೋಪನ್ನು ಬಿಚ್ಚಿ ಮಲಗುವ ಕೋಣೆಗೆ ಸಾಗಿಸಿದೆವು. ಅದು ಕನ್ನಡಿ ಸಮೇತ ನಿನ್ನ ಕಡೆಯ ಹಾಸಿಗೆಯ ಮೇಲೆ ಮಲಗಿತ್ತು, ನಿನ್ನಷ್ಟು ಗೊರಕೆ ಹೊಡೆಯಲಿಲ್ಲ. ಸ್ರೆತೆನ್ ಕಲ್ಲು ಕತ್ತರಿಸುವ ಯಂತ್ರ ತಂದ. ಕಂಬಕ್ಕೆ ಒಂದು ಗೀರೂ ಬೀಳಬಾರದು, ಸಂದು ಮಾತ್ರ ತಳದವರೆಗೂ ಬಿಡಿಸಿಕೊಳ್ಳಬೇಕು. ಒಬ್ಬರು ನೀರು ಹಾಕುತ್ತಾ, ಒಬ್ಬರು ಚಾಣದಿಂದ ಕೆತ್ತುತ್ತಾ ಹೋದಂತೆ ಧೂಳು ಕೂತು ಪ್ಲಮ್ ಮರಗಳೆಲ್ಲಾ ಹಿಟ್ಟು ಬಳಿದಂತೆ ಬೆಳ್ಳಗಾದವು. ಮುಚ್ಚಿದ್ದು ಎರಡು ಬಾಂಡ್ಲಿ, ಕೆತ್ತಿದ್ದು ಎಷ್ಟೋ ದಿನ. ಸದ್ದು ಕೇಳಿ ಊರು ಮತ್ತೆ ಸೇರಿತು. ಕಾಂಕ್ರೀಟ್ ಹಾಕುವಾಗ ಔತಣವಿದ್ದರೆ ಕೆತ್ತುವಾಗ ಯಾಕಿಲ್ಲ ಎಂದು ಯಾರೋ ಕೇಳಿದರು. ಸರಿ, ಮತ್ತೆ ರಾಕಿಯಾ, ಪೆರ್ಸಿದಾ ಅತ್ತೆಯ ಒಲೆಯಿಂದ ಪದರ ಪದರದ ಚೀಸ್ ಗಿಬಾನಿತ್ಸಾ, ತಟ್ಟೆಯ ಮೇಲೆ ತಟ್ಟೆ.

ಕೊನೆಯ ಚೂರು ಕಿತ್ತು ಬಂದ ದಿನ ಅವಳು ಸ್ರೆತೆನ್‌ನ ಮುಂದೆ ಬಂದು ನಿಂತು ತಾನೇ ಹೆಣೆದ ಉಣ್ಣೆಯ ಕಾಲುಚೀಲ ಕೊಟ್ಟಳು.

“ತಗೋ. ನೀನು ಕುಡಿದಿರ್ಲಿಲ್ಲ.”

“ಕುಡಿದಿದ್ದೆ ಅತ್ತೆ,” ಎಂದ ಸ್ರೆತೆನ್. “ಆದ್ರೆ ಸಂದು ಮಾತ್ರ ನೆಟ್ಟಗೆ ಬಿಟ್ಟಿದ್ದೆ.”

ಮತ್ತೆ ಲೋಟ ಇಟ್ಟೆವು. ಈ ಸಲ ಅವಳು ನಡೆದಳು, ಆಮೇಲೆ ಸ್ರೆತೆನ್ ನಡೆದ, ಆಮೇಲೆ ಇಡೀ ಊರು ನೆಲದ ಮೇಲೆ ಕೈ ಕೈ ಹಿಡಿದು ಸುತ್ತು ಕುಣಿಯಿತು. ನೀರು ಕನ್ನಡಿಯ ಹಾಗೆ ನಿಂತಿತ್ತು. ನಾನು ಆ ನೀರನ್ನು ಗಟಗಟ ಕುಡಿದುಬಿಟ್ಟೆ, ಯಾಕೆಂದು ನನಗೂ ಗೊತ್ತಿಲ್ಲ.

ಈಗ ಸಂಜೆ ಬೇಗ ಕತ್ತಲಾಗುತ್ತದೆ. ಊಟಕ್ಕೆ ಮುಂಚೆಯೇ ತ್ರಿಕೋಣ ಪುಂಜ ಬೆಟ್ಟದ ಭುಜ ದಾಟಿ ಮೇಲೇರಿರುತ್ತದೆ. ಮೊನ್ನೆ ಸಂಜೆ ಛಾವಣಿ ಸರಿಸಿದೆ, ಗಾಳಿಯಿಲ್ಲ, ಎಲೆ ಅಲುಗುತ್ತಿಲ್ಲ. ಸಂದು ಇದ್ದರೂ ನನಗೆ ಹೆದರಿಕೆ. ನೋಡಲು ಬಂದವರನ್ನೆಲ್ಲ ಹೊರಗೆ ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ, ಸ್ಟುಡಿಯೋದಲ್ಲಿ ಹೇಳುತ್ತಿದ್ದ ಹಾಗೇ ಹೇಳಿದೆ: “ಅಲ್ಲಾಡ್ಬೇಡಿ! ಉಸಿರು ಬಿಗಿ ಹಿಡೀರಿ!” ಅವರು ನಿಜವಾಗಿಯೂ ಹಿಡಿದರು. ಐದು ನಿಮಿಷದ ಫೋಟೋ ಎಂದು ಹೇಳಲು ಮರೆತಿದ್ದೆ. ಸ್ರೆತೆನ್ ಕೆಂಪಗಾಗಿ ಕೆಮ್ಮಿದ ಮೇಲೆ ಎಲ್ಲರಿಗೂ ಉಸಿರಾಡಲು ಅಪ್ಪಣೆ ಕೊಟ್ಟೆ.

ಪರದೆಯ ಮೇಲೆ ಚಿತ್ರ ಬಂತು. ತಿಹಾ, ಏನೆಂದು ಬರೆಯಲಿ? ಸುರುಳಿಯ ತೋಳುಗಳು, ತೋಳುಗಳೊಳಗೆ ನಸುಗೆಂಪು ಮೋಡದ ಗಂಟುಗಳು, ಸುತ್ತ ದುಂಡಗಿನ, ದುಂಡಗಿನ ನಕ್ಷತ್ರಗಳು. ಒಂದೂ ಜೀರಿಗೆಯಿಲ್ಲ. ಕಂಬ ಒಂದಿಷ್ಟೂ ನಡುಗಿರಲಿಲ್ಲ. ಪೆರ್ಸಿದಾ ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಹಾಲು ಒಡೆದು ಚೀಸ್ ಆಗೋ ಹೊತ್ತಲ್ಲಿ ಪಾತ್ರೇಲಿ ಹಿಂಗೇ ಕಾಣುತ್ತೆ,” ಎಂದಳು. ಇಷ್ಟು ದೂರದಲ್ಲೂ ಮನೆಯ ಅಡುಗೆಯೇ ನಡೆಯುತ್ತಿದೆ ಎಂದು ಅವಳಿಗೆ ಸಮಾಧಾನವಾಯಿತು. ಆಮೇಲೆ ಎಲ್ಲರೂ ಒಂದೇ ಮಾತು ಕೇಳಿದರು. “ಹಾಗಾದ್ರೆ ತಿಹೊಮಿರ್ ಯಾವಾಗ ಬರ್ತಾನೆ?”

ಎಲ್ಲರೂ ಹೋದ ಮೇಲೆ ನಾನು ಚಿತ್ರವನ್ನು ದೊಡ್ಡದು ಮಾಡಿ ಮೂಲೆಗಳನ್ನು ನೋಡಿದೆ.

ನಾಲ್ಕು ಮೂಲೆಯಲ್ಲೂ ನಕ್ಷತ್ರಗಳಿಗೆ ಬಾಲ ಬಂದಿದೆ. ಗೊದಮೊಟ್ಟೆಗಳ ಹಾಗೆ, ಎಲ್ಲವೂ ನಡುವಿನಿಂದ ಹೊರಕ್ಕೆ ಬಾಲ ಚಾಚಿವೆ. ನೀನು ಹೇಳಿದ್ದೆ. ಅಗಲ ಬಾಯಿಯ ಕನ್ನಡಿ ನಡುವೆ ಚೆನ್ನಾಗಿ ತೋರಿಸುತ್ತದೆ, ಅಂಚಿಗೆ ಹೋದಂತೆ ಬೆಳಕು ಚೆದರಿಸುತ್ತದೆ ಎಂದು ಹೇಳಿದ್ದೆ. ಮೂಲೆ ನೋಡುವವನು ಜಗತ್ತಿನಲ್ಲಿ ನೀನೊಬ್ಬನೇ ಎಂದು ನಾನು ಕೂಗಾಡಿದ್ದೆ. ಕತ್ತರಿಸಲು ಮೌಸ್ ಹಿಡಿದೆ. ಒಂದು ಕ್ಲಿಕ್ ಸಾಕು, ಮೂಲೆಗಳು ಮಾಯ, ನೀನು ಹೆಗಲಿಗೆ ಚೀಲ ಹಾಕಿಕೊಂಡು ಬರಲೇಬೇಕು. ಆದರೆ ಮನಸ್ಸಾಗಲಿಲ್ಲ, ಮೌಸ್ ಬಿಟ್ಟೆ. ಕತ್ತರಿಸಿದ ಚಿತ್ರ ನಂಬಿ ಬಂದವನು ಇಲ್ಲಿ ಎಷ್ಟು ದಿನ ಇರುತ್ತಾನೆ? ಬಂದ ಮೊದಲ ಸಂಜೆಯೇ ನೀನು ಮೂಲೆ ನೋಡುತ್ತೀಯ.

ಆದ್ದರಿಂದ ಪೂರ್ತಿ ಚಿತ್ರವನ್ನೇ ಕಳಿಸುತ್ತಿದ್ದೇನೆ, ನಾಲ್ಕೂ ಮೂಲೆ ಸಮೇತ. ಪಂದ್ಯ ನಾನು ಸೋತೆ. ಬಾ ಎಂದು ಹೇಳುವ ಹಕ್ಕು ನನಗಿಲ್ಲ. ಆದರೂ ಹೇಳುತ್ತೇನೆ, ಬಾ. ಹೊರಗೆ ಸಾಲಾಗಿ ನಿಂತವರಿಗೆ ಗೆಲಾಕ್ಸಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಚಪ್ಪಾಳೆ ಬೇಕಿರಲಿಲ್ಲ. “ಇಲ್ಲಿ ಸ್ವಲ್ಪ ಕಪ್ಪು ಜಾಸ್ತಿಯಾಯ್ತು, ದರಿಂಕಾ,” ಎಂದು ಹೆಗಲ ಹಿಂದಿನಿಂದ ಗೊಣಗುವವನು ಬೇಕಿತ್ತು.

ನಿನ್ನ, ನಿನ್ನವಳೇ,
ದರಿಂಕಾ

ತಾ.ಕ.: ಹೋದ ಸಲ ಚೀಲ ಹುಡುಕು ಎಂದು ಬರೆದೆನಲ್ಲ, ಸುಳ್ಳು. ನಿನ್ನ ಆ ಹಳೇ ಭುಜದ ಚೀಲ ನನ್ನ ಹತ್ತಿರವೇ ಇದೆ. ಹೊರಡುವ ದಿನ ಸಿಟ್ಟಿನಲ್ಲಿ ಎತ್ತಿಕೊಂಡು ಬಂದಿದ್ದೆ, ನೀನು ಬೇರೆಲ್ಲೂ ಹೋಗದಿರಲಿ ಎಂದು.

*

ನೀಶ್,
ನವೆಂಬರ್ 19

ಪ್ರೀತಿಯ ದರಿಂಕಾ,

ಚಿತ್ರವನ್ನು ಕಿಟಕಿಯ ಬಳಿ ಹಿಡಿದು ನೋಡಿದೆ, ಆಮೇಲೆ ಭೂತಗನ್ನಡಿ ಹಿಡಿದು ನೋಡಿದೆ, ಆಮೇಲೆ ಕೆಳಗಿಳಿದು ಆ ಹಸಿರು ದೀಪದ ಔಷಧಿ ಅಂಗಡಿಯವನಿಗೂ ತೋರಿಸಿ ಬಂದೆ. ನನ್ನ ಹೆಂಡತಿ ತೆಗೆದದ್ದು ಎಂದೆ. ಅವನು ಇದೇನು ಎಂದು ಕೇಳಿದ. ಚೀಸ್ ಎಂದೆ.

ನಡುಭಾಗಕ್ಕೆ ನನ್ನ ತಕರಾರಿಲ್ಲ. ಇಷ್ಟು ಚೆಂದದ ಚಿತ್ರ ನಾವಿಬ್ಬರೂ ಸೇರಿ ಇಡೀ ಜೀವಮಾನದಲ್ಲಿ ತೆಗೆದಿಲ್ಲ. ಎಡಗಡೆಯ ತೋಳಿನ ಬಳಿ ಸ್ವಲ್ಪ ಕಪ್ಪು ಜಾಸ್ತಿಯಾಗಿದೆ.

ಮೂಲೆಗಳಲ್ಲಿ ಬಾಲ ಇದೆ. ಇದ್ದೇ ಇದೆ. ಪಂದ್ಯ ನೀನು ಸೋತಿದ್ದೀಯ, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ಕೊಟ್ಟ ಮಾತಿನಂತೆ ನಾನು ಹೆಗಲಿಗೆ ಚೀಲ ಹಾಕಿಕೊಂಡು ಬರುವುದಿಲ್ಲ. ಚಕ್ರವಿರುವ ದೊಡ್ಡ ಪೆಟ್ಟಿಗೆ ಕೊಂಡಿದ್ದೇನೆ, ಅದನ್ನು ಎಳೆದುಕೊಂಡು ಬರುತ್ತೇನೆ. ಶುಕ್ರವಾರದ ಮಧ್ಯಾಹ್ನದ ಬಸ್ಸು. ಹಾಸಿಗೆಯ ನನ್ನ ಕಡೆಯಲ್ಲಿ ಈಗ ಯಾರೂ ಮಲಗಿಲ್ಲ ತಾನೇ?

ನಿನ್ನ,
ತಿಹಾ

ತಾ.ಕ.: ಕನ್ನಡಿಯ ಟೆಲಿಸ್ಕೋಪಿನಲ್ಲಿ ಕ್ಯಾಮೆರಾದ ಮುಂದೆ ಸಿಕ್ಕಿಸುವ ಒಂದು ಪುಟ್ಟ ಮಸೂರ ಬರುತ್ತದೆ. ಅದನ್ನು ಹಾಕಿದರೆ ಮೂಲೆಯ ನಕ್ಷತ್ರಗಳು ಬಾಲ ಕಳೆದುಕೊಂಡು ದುಂಡಗಾಗುತ್ತವೆ. ನನ್ನ ಬಾಲ್ಕನಿಯ ಟೆಲಿಸ್ಕೋಪಿಗೆ ಅದರಿಂದ ಕಿಂಚಿತ್ತೂ ಉಪಯೋಗವಿಲ್ಲ. ನೀನು ಸೆಗೆದ್‌ನಿಂದ ಕನ್ನಡಿ ತಂದ ಸುದ್ದಿ ಕೇಳಿದ ವಾರವೇ ಅದನ್ನು ಕೊಂಡಿಟ್ಟಿದ್ದೆ. ಅಂದಿನಿಂದ ನೀನು ಕರೆಯಲಿ ಎಂದು ಕಾಯುತ್ತಿದ್ದೆ.